ಕೆಲಸ ಮಾಡಿದ್ದೀವಿ, ಪ್ರೂಫ್ ಎಲ್ಲಿ? ಅನುಭವಕ್ಕೆ ಕಾಗದ ಮಾಡಿಸಿಕೊಳ್ಳೋದು, ಬಯೋಡೇಟಾದಲ್ಲಿ ಬರೆಯೋದು ಹೇಗೆ

ಪೊನ್ನಂಪೇಟೆ: "ಅನುಭವ ಇದ್ಯಾ?" ಕೆಲಸ ಕೇಳಿಕೊಂಡು ಎಲ್ಲಿಗೆ ಹೋದರೂ ಮೊದಲು ಬರೋ ಪ್ರಶ್ನೆ ಇದು. ನಮ್ಮ ತಾಲ್ಲೂಕಿನ ಹುಡುಗ ಹುಡುಗಿಯರಲ್ಲಿ ತುಂಬಾ ಜನ ಇದಕ್ಕೆ "ಇಲ್ಲ ಸರ್, ಫ್ರೆಶರ್" ಅಂತ ಹೇಳಿ ವಾಪಸ್ ಬರ್ತಾರೆ.

ಆದರೆ ಅವರನ್ನೇ ಸ್ವಲ್ಪ ಕೂರಿಸಿ ಮಾತಾಡಿಸಿ ನೋಡಿ. ಒಬ್ಬ ಮೂರು ವರ್ಷದಿಂದ ಕಾಫಿ ಕುಯ್ಲಿನ ಸಮಯದಲ್ಲಿ ತೋಟದ ಚೆಕ್‌ರೋಲ್ ಬರೀತಿದ್ದಾನೆ. ಇನ್ನೊಬ್ಬಳು ರಜೆಯಲ್ಲಿ ಹೋಂಸ್ಟೇಯ ಬುಕಿಂಗ್ ಫೋನ್ ನೋಡಿಕೊಳ್ತಾಳೆ. ಮತ್ತೊಬ್ಬ ಗೋಣಿಕೊಪ್ಪದ ಮೊಬೈಲ್ ಅಂಗಡಿಯಲ್ಲಿ ಪಿಯುಸಿಯಿಂದಲೇ ಡಿಸ್‌ಪ್ಲೇ ಬದಲಾಯಿಸೋದು ಕಲಿತಿದ್ದಾನೆ. ಇದೆಲ್ಲ ಅನುಭವ ಅಲ್ವಾ? ಖಂಡಿತ ಹೌದು. ಆದರೆ ಅದಕ್ಕೆ ಒಂದು ಕಾಗದ ಇಲ್ಲ, ಅದನ್ನು ಬರೆಯೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ.

ಈ ಬರಹ ಕೆಲಸ ಹುಡುಕ್ತಿರೋರಿಗೆ ಎಷ್ಟೋ, ಕೆಲಸಕ್ಕೆ ಹುಡುಗರನ್ನು ಇಟ್ಟುಕೊಂಡಿರೋ ಅಂಗಡಿ ಮಾಲೀಕರಿಗೂ ಅಷ್ಟೇ. ಯಾಕಂದ್ರೆ ಅರ್ಧ ಸಮಸ್ಯೆಯ ಪರಿಹಾರ ಅವರ ಲೆಟರ್‌ಹೆಡ್‌ನಲ್ಲಿದೆ.

ನನಗೇ ಆದದ್ದು

ಬೇರೆಯವರ ಉದಾಹರಣೆ ಯಾಕೆ, ನಂದೇ ಹೇಳ್ತೀನಿ. ನಾನು ಬಿ.ಕಾಂ. ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟವನು. ಆಮೇಲೆ ಎರಡು ವರ್ಷದ ಮೇಲೆ ನಮ್ಮ ಕಡೆಯ ಒಂದು ಅಂಗಡಿಯಲ್ಲಿ ಇದ್ದೆ. ಬೆಳಗ್ಗೆ ಶಟರ್ ಎತ್ತೋದರಿಂದ ಹಿಡಿದು ಬಿಲ್ಲಿಂಗ್, ಸ್ಟಾಕ್ ಎಣಿಸೋದು, ತಿಂಗಳ ಕೊನೆಗೆ ಜಿಎಸ್‌ಟಿ ಬಿಲ್ಲುಗಳನ್ನು ಜೋಡಿಸಿ ಅಕೌಂಟೆಂಟ್‌ಗೆ ಕೊಡೋದು ಎಲ್ಲ ನಂದೇ. ಸಂಬಳ ಕೈಗೆ, ನೋಟಿನಲ್ಲಿ. ಹಾಜರಿ ಪುಸ್ತಕ ಇರಲಿಲ್ಲ.

ಮೈಸೂರಿನಲ್ಲಿ ಒಂದು ಗೋಡೌನಿಗೆ ಸ್ಟೋರ್ ಅಸಿಸ್ಟೆಂಟ್ ಬೇಕು ಅಂತ ಗೊತ್ತಾಗಿ ಹೋದೆ. ಮಾತುಕತೆ ಚೆನ್ನಾಗೇ ಆಯ್ತು. ಕೊನೆಗೆ "ಎಕ್ಸ್‌ಪೀರಿಯನ್ಸ್ ಲೆಟರ್ ನಾಳೆ ಒಳಗೆ ಕಳಿಸಿ" ಅಂದರು. ಊರಿಗೆ ಫೋನ್ ಮಾಡಿದೆ. ಮಾಲೀಕರು ಕೆಟ್ಟವರಲ್ಲ. "ಕಾಗದ ಯಾಕಪ್ಪಾ, ಅವರ ನಂಬರ್ ಕೊಡು, ನಾನೇ ಮಾತಾಡ್ತೀನಿ" ಅಂದರು. ಅವರಿಗೆ ಭಯ. ಕಾಗದ ಕೊಟ್ಟರೆ ನಾಳೆ ಲೇಬರ್ ಆಫೀಸಿನವರು ಬಂದು ಪಿಎಫ್ ಕಟ್ಟಿಲ್ಲ ಅಂತ ಕೇಳ್ತಾರೇನೋ ಅಂತ. ಮೈಸೂರಿನವರು ಯಾರಿಗೂ ಫೋನ್ ಮಾಡಲಿಲ್ಲ. ಆ ಕೆಲಸ ಕಾಗದ ಇದ್ದ ಇನ್ಯಾರಿಗೋ ಹೋಯ್ತು.

ಅದೇ ಸಂದರ್ಶನದಲ್ಲಿ ನಾನೂ ಒಂದು ದಡ್ಡತನ ಮಾಡಿದ್ದೆ. "ದೊಡ್ಡ ಪ್ರಮಾಣದ ಸ್ಟಾಕ್ ನೋಡಿಕೊಂಡು ಗೊತ್ತಾ?" ಅಂತ ಕೇಳಿದಾಗ "ಇಲ್ಲ" ಅಂದೆ. 2018ರ ಆಗಸ್ಟಿನಲ್ಲಿ ಜಿಲ್ಲೆಯಲ್ಲಿ ಮಳೆ, ಭೂಕುಸಿತ ಆದಾಗ ಪರಿಹಾರ ಸಾಮಗ್ರಿ ಸಂಗ್ರಹದ ಜಾಗದಲ್ಲಿ ಹಲವು ದಿನ ನಿಂತು ಅಕ್ಕಿ, ಬೇಳೆ, ಕಂಬಳಿ, ಔಷಧಿ ಬೇರೆ ಬೇರೆ ಮಾಡಿ, ಬಂದ ಲೋಡ್ ಎಷ್ಟು, ಹೋದದ್ದು ಎಷ್ಟು ಅಂತ ಪುಸ್ತಕದಲ್ಲಿ ಬರೆದವನು ನಾನೇ. ಅದು ಸ್ಟೋರ್ ಕೆಲಸ ಅಲ್ಲದೆ ಮತ್ತೇನು? ಆದರೆ ಅದು "ಸೇವೆ", ಬಯೋಡೇಟಾಕ್ಕೆ ಬರೋದಲ್ಲ ಅಂತ ನನ್ನ ತಲೆಯಲ್ಲಿತ್ತು.

ಹಾಗಾಗಿ ಎರಡು ವಿಷಯ ಬಿಡಿಸಿ ಹೇಳಬೇಕು. ಒಂದು, ಯಾವುದು ಅನುಭವ. ಎರಡು, ಅದನ್ನು ತೋರಿಸೋದು ಹೇಗೆ.

ಯಾವುದನ್ನೆಲ್ಲ ಅನುಭವ ಅನ್ನಬಹುದು?

ಕೆಲಸ ಕೊಡುವವರು ನೋಡೋದು ಮೂರು ವಿಷಯ: ಏನು ಮಾಡಿದ್ದೀರಿ, ಎಷ್ಟು ಕಾಲ ಮಾಡಿದ್ದೀರಿ, ಹೌದು ಅಂತ ಹೇಳೋರು ಯಾರಿದ್ದಾರೆ. ಈ ಮೂರೂ ಇದ್ದರೆ ಸಂಬಳ ಬಂದಿತ್ತಾ ಇಲ್ವಾ ಅನ್ನೋದು ಖಾಸಗಿ ಕೆಲಸಗಳಲ್ಲಿ ಅಷ್ಟು ದೊಡ್ಡ ವಿಷಯ ಆಗೋದಿಲ್ಲ.

ನಮ್ಮ ಕಡೆ ಸಿಗೋ ಅನುಭವಗಳನ್ನೇ ನೋಡಿ.

ತೋಟ: ಅರೇಬಿಕಾ ಕುಯ್ಲು ಸಾಮಾನ್ಯವಾಗಿ ನವೆಂಬರಿಂದ, ರೋಬಸ್ಟಾ ಅದರ ಹಿಂದೆಯೇ ಶುರುವಾಗಿ ಮಾರ್ಚ್ ತನಕ ಎಳೆಯುತ್ತೆ. ಆಗ ಚೆಕ್‌ರೋಲ್ ಬರೆದವರು, ಸಂಜೆ ಹಣ್ಣು ತೂಕ ಹಾಕಿಸಿ ಲೆಕ್ಕ ಇಟ್ಟವರು, ಕಣದಲ್ಲಿ ಒಣಗಿಸೋದು ನೋಡಿಕೊಂಡವರು, ಪಲ್ಪರ್ ಓಡಿಸಿದವರು ಇದ್ದಾರಲ್ಲ, ಅದು ಸೂಪರ್‌ವೈಸರ್ ಕೆಲಸಕ್ಕೆ, ಕ್ಯೂರಿಂಗ್ ವರ್ಕ್ಸ್ ಕೆಲಸಕ್ಕೆ, ರೈಟರ್ ಕೆಲಸಕ್ಕೆ ನೇರ ಅನುಭವ. ಅಪ್ಪನ ತೋಟವೇ ಆದರೂ ಸರಿ. "ಮನೆ ಕೆಲಸ" ಅಂತ ಬಿಟ್ಟುಬಿಡಬೇಡಿ.

ಹೋಂಸ್ಟೇ, ರೆಸಾರ್ಟ್: ಬುಕಿಂಗ್ ತಗೊಳ್ಳೋದು, ಅತಿಥಿಗಳ ಗುರುತಿನ ಚೀಟಿ ರಿಜಿಸ್ಟರ್‌ನಲ್ಲಿ ಬರೆಯೋದು, ಅಡುಗೆಗೆ ಸಾಮಾನು ಲೆಕ್ಕ, ಆನ್‌ಲೈನ್ ರಿವ್ಯೂಗೆ ಉತ್ತರ ಕೊಡೋದು. ಹೋಟೆಲ್ ಫ್ರಂಟ್ ಆಫೀಸಿನಲ್ಲಿ ಮಾಡೋದು ಇದನ್ನೇ.

ಭಾಷೆ: ನಮ್ಮ ಪೇಟೆಯ ಅಂಗಡಿಯಲ್ಲಿ ನಿಂತ ಹುಡುಗ ಒಂದು ಗಂಟೆಯಲ್ಲಿ ಕನ್ನಡ, ಕೊಡವ ತಕ್ಕ್, ಮಲಯಾಳ, ತಮಿಳು, ತೋಟಕ್ಕೆ ಬಂದ ಅಸ್ಸಾಂ ಕಡೆಯವರ ಹತ್ತಿರ ಹಿಂದಿ ಎಲ್ಲ ಮಾತಾಡಿ ವ್ಯಾಪಾರ ಮುಗಿಸ್ತಾನೆ. ನಮಗೆ ಇದು ಮಾಮೂಲಿ. ಬೆಂಗಳೂರಿನ ಕಾಲ್ ಸೆಂಟರಿಗೆ, ಬ್ಯಾಂಕಿನ ಸೇಲ್ಸ್ ವಿಭಾಗಕ್ಕೆ ಇದು ಮಾಮೂಲಿ ಅಲ್ಲ.

ಸಂಘ: ಸ್ವಸಹಾಯ ಸಂಘದ ಪುಸ್ತಕ ಬರೆದ ಅಕ್ಕಂದಿರು ಉಳಿತಾಯ, ಸಾಲ, ಬಡ್ಡಿ, ನಡಾವಳಿ ಎಲ್ಲ ನಿಭಾಯಿಸಿರ್ತಾರೆ. ಮದುವೆ ಆಗಿ ಹತ್ತು ವರ್ಷ ಮನೆಯಲ್ಲೇ ಇದ್ದೆ, ಅನುಭವ ಏನೂ ಇಲ್ಲ ಅಂತ ಹೇಳೋ ಇವರು ನಿಜಕ್ಕೂ ಅಕೌಂಟ್ಸ್ ಕೆಲಸ ಮಾಡಿದವರು.

ಕ್ರೀಡೆ, ಹಬ್ಬ: ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದದ್ದು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಬಂದಿದ್ದವು. ಅಷ್ಟು ತಂಡಗಳ ನೋಂದಣಿ, ವೇಳಾಪಟ್ಟಿ, ಸ್ಕೋರ್, ಊಟ, ಪಾರ್ಕಿಂಗ್ ನೋಡಿಕೊಳ್ಳೋದು ಅಂದ್ರೆ ದೊಡ್ಡ ಇವೆಂಟ್ ಕಂಪನಿಯ ಕೆಲಸ. ಗೋಣಿಕೊಪ್ಪ ದಸರಾ ಸಮಿತಿಯಲ್ಲಿ ಓಡಾಡಿದವರಿಗೂ ಇದೇ ಮಾತು ಅನ್ವಯಿಸುತ್ತೆ.

ಅಂಗಡಿ ಮಾಲೀಕರೇ, ಪತ್ರ ಕೊಟ್ಟರೆ ತೊಂದರೆ ಆಗುತ್ತಾ?

ನನ್ನ ಮಾಲೀಕರಿಗಿದ್ದ ಭಯ ಅವರೊಬ್ಬರದ್ದಲ್ಲ. ತುಂಬಾ ಕಡೆ ಕೇಳಿದ್ದೀನಿ. ಆದ್ದರಿಂದ ಸ್ವಲ್ಪ ಬಿಡಿಸಿ ನೋಡೋಣ.

ಪಿಎಫ್ ಕಾಯಿದೆ ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನ ಕೆಲಸ ಮಾಡೋ ಸಂಸ್ಥೆಗೆ ಅನ್ವಯ. ಮೂರು ಜನ ಹುಡುಗರಿರೋ ಅಂಗಡಿಗೆ ಅದು ಬರೋದಿಲ್ಲ. ನಿಮ್ಮಲ್ಲಿ 20ರ ಮೇಲೆ ಜನ ಇದ್ದರೆ ನೀವು ಪತ್ರ ಕೊಟ್ಟರೂ ಕೊಡದಿದ್ದರೂ ಪಿಎಫ್ ಬಾಧ್ಯತೆ ಇದ್ದೇ ಇರುತ್ತೆ. ಅಂದ್ರೆ ಬಾಧ್ಯತೆ ಬರೋದು ಜನರ ಸಂಖ್ಯೆಯಿಂದ. ಅನುಭವ ಪತ್ರ ಕೊಟ್ಟ ಕಾರಣಕ್ಕೆ ಹೊಸ ಬಾಧ್ಯತೆ ಹುಟ್ಟೋದಿಲ್ಲ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961ರ ಪ್ರಕಾರ ಕೆಲಸಕ್ಕೆ ಸೇರಿಸಿಕೊಂಡವರಿಗೆ ಮಾಲೀಕರು ಬರಹದಲ್ಲಿ ನೇಮಕಾತಿ ಆದೇಶ ಕೊಡಬೇಕು. ಅದಕ್ಕೆ ನಮೂನೆ 'ಕ್ಯೂ' ಅಂತಲೇ ಒಂದು ಫಾರಂ ಇದೆ. ಹೆಸರು, ಕೆಲಸ, ಸೇರಿದ ದಿನ, ಸಂಬಳ ಇಷ್ಟು ತುಂಬಿಸಿ ಸಹಿ ಹಾಕೋದು. ಅಂದ್ರೆ ಕಾಗದ ಕೊಟ್ಟರೆ ತಪ್ಪು ಅಂತ ನಾವು ಅಂದುಕೊಂಡಿದ್ದೀವಿ, ಕಾನೂನು ಹೇಳೋದು ಕೊಡದಿದ್ದರೆ ತಪ್ಪು ಅಂತ.

ಮಾಲೀಕರಿಗೆ ಇದರಲ್ಲಿ ಲಾಭವೂ ಇದೆ. ಸೇರಿದ ದಿನ, ಸಂಬಳ ಎಷ್ಟು ಅಂತ ಬರಹದಲ್ಲಿದ್ದರೆ ನಾಳೆ ಜಗಳ ಬಂದಾಗ ಮಾತಿಗೆ ಮಾತು ಬೆಳೆಯೋದಿಲ್ಲ. "ಈ ಅಂಗಡಿಯಲ್ಲಿ ಎರಡು ವರ್ಷ ಇದ್ದರೆ ಒಳ್ಳೆ ಪತ್ರ ಸಿಗುತ್ತೆ" ಅಂತ ಹೆಸರಾದರೆ ನಿಮಗೆ ಒಳ್ಳೆ ಹುಡುಗರೇ ಸಿಗ್ತಾರೆ. ಕುಯ್ಲಿನ ಸಮಯದಲ್ಲಿ ಹೇಳದೆ ಕೇಳದೆ ಬಿಟ್ಟು ಹೋಗೋದೂ ಕಡಿಮೆಯಾಗುತ್ತೆ, ಯಾಕಂದ್ರೆ ಸರಿಯಾಗಿ ಹೇಳಿ ಹೋದರೆ ತಾನೇ ಪತ್ರ.

ಗಮನ ಇರಲಿ: 14 ವರ್ಷದ ಒಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳೋದು ಅಪರಾಧ. ಅದಕ್ಕೆ ಯಾವ ಪತ್ರವೂ ರಕ್ಷಣೆ ಅಲ್ಲ.

ಪತ್ರ ಹೀಗಿದ್ದರೆ ಸಾಕು

ಇಂಗ್ಲಿಷ್ ಬೇಕು ಅಂತೇನಿಲ್ಲ. ಹೊರರಾಜ್ಯದ ಕಂಪನಿ ಕೇಳಿದರೆ ಮಾತ್ರ ಇಂಗ್ಲಿಷಿನಲ್ಲಿ ಇನ್ನೊಂದು ಮಾಡಿಸಿ. ಅಂಗಡಿಯ ಲೆಟರ್‌ಹೆಡ್ ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ ಅಂಗಡಿಯ ಸೀಲ್, ಜಿಎಸ್‌ಟಿ ಅಥವಾ ಟ್ರೇಡ್ ಲೈಸೆನ್ಸ್ ನಂಬರ್ ಇದ್ದರೆ ಆಯ್ತು. ಮಾದರಿ ಹೀಗಿದೆ, ಬಿಟ್ಟ ಜಾಗ ತುಂಬಿಸಿಕೊಳ್ಳಿ:

"ಶ್ರೀ/ಶ್ರೀಮತಿ/ಕುಮಾರಿ ______ ಇವರು ನಮ್ಮ ______ ಅಂಗಡಿಯಲ್ಲಿ ದಿನಾಂಕ ______ ರಿಂದ ______ ರವರೆಗೆ ______ ಆಗಿ ಕೆಲಸ ಮಾಡಿರುತ್ತಾರೆ. ಈ ಅವಧಿಯಲ್ಲಿ ಇವರು ಬಿಲ್ಲಿಂಗ್, ದಾಸ್ತಾನು ಲೆಕ್ಕ ಮತ್ತು ಗ್ರಾಹಕರ ಜೊತೆಗಿನ ವ್ಯವಹಾರವನ್ನು ನಿರ್ವಹಿಸಿದ್ದಾರೆ. ಇವರ ನಡತೆ ಮತ್ತು ಕೆಲಸ ತೃಪ್ತಿಕರವಾಗಿದ್ದು, ಇವರು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ. ಹೆಚ್ಚಿನ ವಿವರಕ್ಕೆ ಸಂಪರ್ಕಿಸಬಹುದು: ______. ಸ್ಥಳ, ದಿನಾಂಕ, ಸಹಿ, ಸೀಲ್."

ಇದರಲ್ಲಿ ಮುಖ್ಯವಾದದ್ದು ಮೂರು: ಎರಡೂ ದಿನಾಂಕ, ಮಾಡಿದ ಕೆಲಸದ ಹೆಸರು, ಫೋನ್ ನಂಬರ್. "ಒಳ್ಳೆಯ ಹುಡುಗ, ಇವನ ಭವಿಷ್ಯ ಉಜ್ವಲವಾಗಲಿ" ಅನ್ನೋ ಸಾಲು ಹಾಕಿದರೆ ಸಂತೋಷ, ಆದರೆ ಅದೊಂದೇ ಇದ್ದರೆ ಉಪಯೋಗ ಇಲ್ಲ.

ಕೆಲಸ ಬಿಡೋ ದಿನವೇ ಪತ್ರ ಕೇಳಿ. ಎರಡು ವರ್ಷ ಕಳೆದ ಮೇಲೆ ಬಂದು ಕೇಳಿದರೆ ಮಾಲೀಕರಿಗೂ ದಿನಾಂಕ ನೆನಪಿರೋದಿಲ್ಲ, ಅಂಗಡಿಯೇ ಕೈ ಬದಲಾಗಿರಬಹುದು.

ಪತ್ರ ಸಿಗಲೇ ಇಲ್ಲ ಅಂದ್ರೆ?

ಬೇರೆ ದಾರಿಗಳಿವೆ.

ಸಂಬಳ ಬ್ಯಾಂಕಿಗೆ ಅಥವಾ ಯುಪಿಐ ಮೂಲಕ ಬಂದಿದ್ದರೆ ಪಾಸ್‌ಬುಕ್, ಸ್ಟೇಟ್‌ಮೆಂಟ್ ಒಂದು ಸಾಕ್ಷಿ. ಇವತ್ತಿಂದಲೇ ಮಾಲೀಕರ ಹತ್ತಿರ "ಅಣ್ಣಾ, ಸಂಬಳ ಫೋನ್‌ಪೇ ಮಾಡಿ" ಅಂತ ಕೇಳಿಕೊಳ್ಳಿ. ಪ್ರತಿ ತಿಂಗಳೂ ಒಂದೇ ಕಡೆಯಿಂದ ಹಣ ಬಂದದ್ದು ಕಾಣುತ್ತೆ.

ಪಿಎಫ್ ಇದ್ದ ಕಡೆ ಕೆಲಸ ಮಾಡಿದ್ದರೆ ನಿಮ್ಮ ಯುಎಎನ್ ನಂಬರಿನ ಖಾತೆಯಲ್ಲಿ ಯಾವ ಸಂಸ್ಥೆ, ಯಾವಾಗ ಸೇರಿದ್ದು, ಯಾವಾಗ ಬಿಟ್ಟಿದ್ದು ಎಲ್ಲ ಇರುತ್ತೆ. ಉಮಂಗ್ ಆ್ಯಪ್‌ನಲ್ಲೂ ಪಾಸ್‌ಬುಕ್ ನೋಡಬಹುದು. ದೊಡ್ಡ ಕಂಪನಿಗಳು ಅನುಭವ ಪರಿಶೀಲಿಸೋದಕ್ಕೆ ಇದನ್ನು ನೋಡ್ತಾರೆ. ಹಾಗಾಗಿ ಸುಳ್ಳು ಹೇಳಿದರೆ ಸಿಕ್ಕಿಬೀಳೋದೂ ಇಲ್ಲೇ.

ಡ್ರೈವರ್‌ಗಳಿಗೆ ಲೈಸೆನ್ಸೇ ಅರ್ಧ ಅನುಭವ ಪತ್ರ. ಮೋಟಾರು ವಾಹನ ಕಾಯಿದೆಯಲ್ಲಿ ಸಾರಿಗೆ ವಾಹನದ ಕಲಿಕಾ ಲೈಸೆನ್ಸಿಗೆ ಕನಿಷ್ಠ ಒಂದು ವರ್ಷ ಲಘು ವಾಹನದ ಲೈಸೆನ್ಸ್ ಹೊಂದಿರಬೇಕು ಅಂತ ಇದೆ. ಕಾರ್ಡಿನಲ್ಲಿರೋ ದಿನಾಂಕವೇ ಎಷ್ಟು ವರ್ಷದಿಂದ ಲೈಸೆನ್ಸ್ ಇದೆ ಅಂತ ಹೇಳುತ್ತೆ. ಆದ್ದರಿಂದ ಲೈಸೆನ್ಸ್ ಮಾಡಿಸೋದನ್ನು ಮುಂದೆ ಹಾಕಬೇಡಿ.

ಕೈಯಲ್ಲಿ ವಿದ್ಯೆ ಇದೆ, ಕಾಗದ ಇಲ್ಲ ಅನ್ನೋ ಗ್ಯಾರೇಜ್, ವೈರಿಂಗ್, ಪ್ಲಂಬಿಂಗ್, ಟೈಲರಿಂಗ್ ಕೆಲಸದವರಿಗೆ ಆರ್‌ಪಿಎಲ್ ಅಂತ ಒಂದು ವ್ಯವಸ್ಥೆ ಇದೆ. ಅಂದ್ರೆ ಮೊದಲೇ ಕಲಿತದ್ದಕ್ಕೆ ಮಾನ್ಯತೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರಲ್ಲಿ ಬಂತು, ಅದರ ಒಂದು ಭಾಗ ಇದು. ಚಿಕ್ಕ ತರಬೇತಿ, ಆಮೇಲೆ ಪರೀಕ್ಷೆ, ಪಾಸಾದರೆ ಪ್ರಮಾಣಪತ್ರ. ಎಲ್ಲ ಕಸುಬಿಗೂ ಯಾವಾಗಲೂ ಬ್ಯಾಚ್ ಇರೋದಿಲ್ಲ. ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿ ನೋಡ್ತಿರಬೇಕು, ಮಡಿಕೇರಿಗೆ ಹೋದಾಗ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಬೇಕು.

ಸಂಬಳ ಇಲ್ಲದ ಸೇವೆಯನ್ನೂ ಲೆಕ್ಕಕ್ಕೆ ತನ್ನಿ

ಕಾಲೇಜಿನಲ್ಲಿ ಇರೋರಿಗೆ ಸುಲಭದ ದಾರಿ ಎನ್‌ಎಸ್‌ಎಸ್. 1969ರಿಂದ ನಡೀತಿರೋ ಯೋಜನೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತೆ. ನಾನು ಕಾಲೇಜು ಅರ್ಧಕ್ಕೆ ಬಿಟ್ಟು ಆ ಗಂಟೆಗಳನ್ನೂ ಕಳಕೊಂಡೆ. ನೀವು ಕಾಲೇಜು ಬಿಡೋ ಯೋಚನೆಯಲ್ಲಿದ್ದರೆ ಕೊನೇ ಪಕ್ಷ ಮಾಡಿದಷ್ಟು ಸೇವೆಗೆ ಕಾರ್ಯಕ್ರಮಾಧಿಕಾರಿಯ ಹತ್ತಿರ ಒಂದು ಪತ್ರ ಬರೆಸಿಕೊಂಡು ಬನ್ನಿ.

ಎನ್‌ಸಿಸಿ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಾರ್ಯಪ್ಪ, ತಿಮ್ಮಯ್ಯ ಅವರ ನಾಡು ಇದು. 'ಸಿ' ಸರ್ಟಿಫಿಕೇಟ್ ಇದ್ದವರಿಗೆ ಸೇನೆಯ ಅಧಿಕಾರಿ ಹುದ್ದೆಗೆ ವಿಶೇಷ ಪ್ರವೇಶದ ದಾರಿ ಇದೆ, ಅಗ್ನಿವೀರ ನೇಮಕಾತಿಯಲ್ಲೂ ಎನ್‌ಸಿಸಿ ಸರ್ಟಿಫಿಕೇಟಿಗೆ ಹೆಚ್ಚುವರಿ ಅಂಕ ಇದೆ. ಸೇವೆ ಅಂತ ಶುರು ಮಾಡಿದ್ದು ನೇರವಾಗಿ ನೇಮಕಾತಿಗೇ ಬರೋದಕ್ಕೆ ಇದು ಒಳ್ಳೆ ಉದಾಹರಣೆ.

ಇನ್ನೊಂದು ಉದಾಹರಣೆ ಕೋವಿಡ್ ಕಾಲದ್ದು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, ಕೋವಿಡ್ ಕೆಲಸದಲ್ಲಿ 100 ದಿನ ಪೂರೈಸಿದ ವೈದ್ಯಕೀಯ ಸಿಬ್ಬಂದಿಗೆ ಮುಂದಿನ ಸರ್ಕಾರಿ ನೇಮಕಾತಿಗಳಲ್ಲಿ ಆದ್ಯತೆ ಅಂತ ಘೋಷಿಸಿತು. ಯಾರು ದಿನಗಳನ್ನು ಬರೆದಿಟ್ಟಿದ್ದರೋ, ಸಹಿ ಮಾಡಿಸಿಕೊಂಡಿದ್ದರೋ ಅವರಿಗೆ 100 ದಿನ ತೋರಿಸೋದು ಸುಲಭ. ಸೇವೆ ಮಾಡುವಾಗ ಲೆಕ್ಕ ಬರೆಯೋದು ಸ್ವಾರ್ಥ ಅಂತ ಅನ್ನಿಸಬಹುದು. ಆದರೆ ಯಾವಾಗ ಬೇಕಾಗುತ್ತೆ ಅಂತ ಯಾರಿಗೂ ಗೊತ್ತಿರೋದಿಲ್ಲ.

ಕಾಲೇಜಿನ ಹೊರಗೆ ಇರೋರಿಗೆ ಗೃಹರಕ್ಷಕ ದಳ ಇದೆ, ರೆಡ್ ಕ್ರಾಸ್ ಇದೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡೋ ಅವಕಾಶ ಇದೆ. ಯಾವುದೇ ಆಗಲಿ, ನಿಮಗೆ ಬೇಕಾದ ಕೆಲಸಕ್ಕೆ ಹತ್ತಿರ ಇರೋದನ್ನು ಆರಿಸಿಕೊಳ್ಳಿ. ನರ್ಸಿಂಗ್ ಕಡೆ ಹೋಗೋ ಆಸೆ ಇದ್ದರೆ ರಕ್ತದಾನ ಶಿಬಿರದಲ್ಲಿ ನಿಲ್ಲಿ. ಅಕೌಂಟ್ಸ್ ಬೇಕಿದ್ದರೆ ದಸರಾ ಸಮಿತಿಯಲ್ಲಿ ವೇದಿಕೆ ಕೆಲಸಕ್ಕಿಂತ ರಸೀದಿ ಪುಸ್ತಕದ ಕೆಲಸ ಕೇಳಿ.

ಅನುಭವವೇ ಇಲ್ಲ, ಎಲ್ಲಿ ಸಿಗುತ್ತೆ?

ಅಪ್ರೆಂಟಿಸ್: ಅಪ್ರೆಂಟಿಸ್ ಕಾಯಿದೆ 1961ರದ್ದು. 30 ಅಥವಾ ಹೆಚ್ಚು ಜನ ಇರೋ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂಗಡಿಯವರು ಗಮನಿಸಿ, 4 ಅಥವಾ ಹೆಚ್ಚು ಜನ ಇರೋ ಸಂಸ್ಥೆಗಳೂ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ವಿದ್ಯಾರ್ಹತೆ ನೋಡಿಕೊಂಡು ತಿಂಗಳಿಗೆ 5,000ದಿಂದ 9,000 ರೂಪಾಯಿ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸೇರಿದರೆ ಅದರಲ್ಲಿ ಶೇ. 25, ಗರಿಷ್ಠ 1,500 ರೂಪಾಯಿ ಸರ್ಕಾರ ಭರಿಸುತ್ತೆ. ಮುಗಿಸಿದ ಮೇಲೆ ಸಿಗೋ ಪ್ರಮಾಣಪತ್ರ ದೇಶದಲ್ಲೆಲ್ಲ ನಡೆಯುತ್ತೆ.

ಪಿಎಂ ಇಂಟರ್ನ್‌ಶಿಪ್: 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ 21ರಿಂದ 24 ವರ್ಷದವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳು, ತಿಂಗಳಿಗೆ 5,000 ರೂಪಾಯಿ, ಒಂದು ಸಲ 6,000 ರೂಪಾಯಿ ಅಂತ ಇತ್ತು. ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ ಓದಿದವರಿಗೂ ಅವಕಾಶ. ಅರ್ಜಿ ಸುತ್ತುಗಳಲ್ಲಿ ಬರುತ್ತೆ, ಸರ್ಕಾರಿ ಪೋರ್ಟಲ್‌ನಲ್ಲೇ ನೋಡಿ. ಬೆಂಗಳೂರಿನಲ್ಲಿ ಸಿಕ್ಕಿದರೆ 5,000ಕ್ಕೆ ಪಿಜಿ ಬಾಡಿಗೆಯೂ ಆಗೋದಿಲ್ಲ, ಮನೆಯಲ್ಲಿ ಮೊದಲೇ ಲೆಕ್ಕ ಹಾಕಿ.

ಯುವನಿಧಿ ತಗೊಳ್ತಿರೋರು ಎಚ್ಚರ: ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡೋ ಈ ಯೋಜನೆ ಕೆಲಸ ಇಲ್ಲದವರಿಗೆ. ಅಪ್ರೆಂಟಿಸ್ ವೇತನ ಪಡೆಯೋರು ಇದಕ್ಕೆ ಅರ್ಹರಲ್ಲ. ಸೇರಿದ ಮೇಲೆ ಮುಚ್ಚಿಟ್ಟರೆ ತೊಂದರೆ. ನನ್ನ ಕೇಳಿದರೆ 3,000ಕ್ಕಾಗಿ ಒಂದು ವರ್ಷದ ಅನುಭವ ಬಿಡೋದು ನಷ್ಟವೇ.

ಸ್ವಂತ ಕೆಲಸ ಮಾಡೋ ಆಸೆ ಇದ್ದವರಿಗೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಉಚಿತ ತರಬೇತಿ ಕೊಡುತ್ತೆ, ಮೈಸೂರಿನಲ್ಲೂ ಇದೆ. ಕೃಷಿ ಕಡೆಯವರಿಗೆ ನಮ್ಮ ಪಕ್ಕದಲ್ಲೇ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿಯ ತರಬೇತಿಗಳ ಪ್ರಮಾಣಪತ್ರ ಇಟ್ಟುಕೊಳ್ಳಿ. ಪೊನ್ನಂಪೇಟೆ ಅರಣ್ಯ ಮಹಾವಿದ್ಯಾಲಯದ ಬಿ.ಎಸ್ಸಿ. ಕೋರ್ಸಿನಲ್ಲಂತೂ ಕೊನೇ ವರ್ಷದ ಕಾರ್ಯಾನುಭವ ಓದಿನದೇ ಒಂದು ಭಾಗ. ಓದೋವಾಗಲೇ ಕೆಲಸ ಮಾಡಿ ನೋಡು ಅನ್ನೋ ಈ ಪದ್ಧತಿ ಬಿ.ಎ., ಬಿ.ಕಾಂ. ಹುಡುಗರು ತಾವಾಗೇ ಮಾಡಿಕೊಳ್ಳಬೇಕು ಅಷ್ಟೇ.

ಬಯೋಡೇಟಾದಲ್ಲಿ ಬರೆಯೋದು ಹೇಗೆ

ಅಪ್ಪನ ಹೆಸರು, ಧರ್ಮ, ಹವ್ಯಾಸ ಅಂತ ಮೊದಲ ಪುಟ ತುಂಬಿಸೋದು ಮದುವೆ ಬಯೋಡೇಟಾ. ಕೆಲಸದ್ದಕ್ಕೆ ಹೆಸರು, ಊರು, ಫೋನ್ ಆದ ಮೇಲೆ ನೇರವಾಗಿ ಅನುಭವಕ್ಕೆ ಬನ್ನಿ. ಒಂದು ಪುಟ ಸಾಕು.

ಹೆಚ್ಚಿನವರು ಬರೆಯೋದು: "ಕಾಫಿ ತೋಟದಲ್ಲಿ ಕೆಲಸ ಮಾಡಿದ ಅನುಭವ ಇದೆ."

ಹೀಗೆ ಬರೆದು ನೋಡಿ: "ಕುಟುಂಬದ ತೋಟ, ಪೊನ್ನಂಪೇಟೆ ತಾಲ್ಲೂಕು. ಮೂರು ಕುಯ್ಲು ಅವಧಿ. ದಿನಕ್ಕೆ 15 ಜನರ ಚೆಕ್‌ರೋಲ್, ಹಣ್ಣಿನ ತೂಕದ ಲೆಕ್ಕ, ವಾರದ ಬಟವಾಡೆ ನಿರ್ವಹಣೆ."

ಇನ್ನೊಂದು. ಮೊದಲು: "ಹೋಂಸ್ಟೇಯಲ್ಲಿ ಹೆಲ್ಪರ್." ಈಗ: "5 ಕೊಠಡಿಯ ಹೋಂಸ್ಟೇ, ಎರಡು ವರ್ಷ ವಾರಾಂತ್ಯ. ಬುಕಿಂಗ್, ಅತಿಥಿ ರಿಜಿಸ್ಟರ್, ಹಣ ಪಾವತಿ. ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷಿನಲ್ಲಿ ವ್ಯವಹಾರ."

ಇಲ್ಲಿರೋ ಸಂಖ್ಯೆಗಳು ಉದಾಹರಣೆಗೆ. ನಿಮ್ಮದೇ ಸಂಖ್ಯೆ ಹಾಕಿ, ನಿಜವಾದದ್ದು. ಎಷ್ಟು ಜನ, ಎಷ್ಟು ಚೀಲ, ಎಷ್ಟು ಬಿಲ್, ಎಷ್ಟು ತಿಂಗಳು. ಹೀಗೆ ಬರೆದಾಗ ಓದೋರಿಗೆ ಕೆಲಸ ಕಣ್ಣಿಗೆ ಕಾಣುತ್ತೆ.

ಎಲ್ಲ ಕಡೆಗೂ ಒಂದೇ ಬಯೋಡೇಟಾ ಕಳಿಸಬೇಡಿ. ಜಾಹೀರಾತಿನಲ್ಲಿ ಏನು ಕೇಳಿದ್ದಾರೆ ಅಂತ ಎರಡು ಸಲ ಓದಿ, ಅದಕ್ಕೆ ಹತ್ತಿರದ ಅನುಭವ ಮೇಲೆ ತನ್ನಿ. ಸೇಲ್ಸ್ ಕೆಲಸಕ್ಕೆ ಅಂಗಡಿ ಮೇಲೆ, ತೋಟ ಕೆಳಗೆ. ಎಸ್ಟೇಟ್ ಕೆಲಸಕ್ಕೆ ಉಲ್ಟಾ. ಸೇವೆಯನ್ನು "ಸ್ವಯಂಸೇವೆ" ಅಂತಲೇ ಬರೆಯಿರಿ, ಸಂಬಳದ ಕೆಲಸದ ಥರ ತೋರಿಸಬೇಡಿ.

ಸರ್ಕಾರಿ ಹುದ್ದೆ ಆದರೆ ನಿಯಮ ಬೇರೆ. ಹೆಚ್ಚಿನ ಹುದ್ದೆಗಳಿಗೆ ಅನುಭವ ಬೇಕಿಲ್ಲ. ಕೇಳಿದ್ದರೆ ಎಷ್ಟು ವರ್ಷ, ಯಾರ ಸಹಿ, ಯಾವ ನಮೂನೆ, ಯಾವ ದಿನಾಂಕದ ಒಳಗೆ ಅನ್ನೋದು ಅಧಿಸೂಚನೆಯಲ್ಲೇ ಇರುತ್ತೆ. ಅಕ್ಷರ ಅಕ್ಷರ ಹಾಗೇ ಮಾಡಬೇಕು.

ಪತ್ರ ಕೊಟ್ಟವರ ನಂಬರ್ ಬಯೋಡೇಟಾದಲ್ಲಿ ಹಾಕೋ ಮೊದಲು ಅವರಿಗೆ ಒಂದು ಮಾತು ಹೇಳಿ. ಅಪರಿಚಿತ ನಂಬರಿಂದ ಫೋನ್ ಬಂದಾಗ "ಯಾರು ಅವನು?" ಅಂತ ಅವರು ಕೇಳಿಬಿಟ್ಟರೆ ಕಥೆ ಮುಗೀತು.

ಸಂದರ್ಶನದಲ್ಲಿ

ನಮ್ಮಲ್ಲಿ ನಮ್ಮ ಕೆಲಸ ನಾವೇ ಹೇಳಿಕೊಳ್ಳೋದು ಅಂದ್ರೆ ಜಂಬ ಅನ್ನೋ ಸಂಕೋಚ ಇದೆ. ಹಾಗಾಗಿ "ನಾನು ತುಂಬಾ ಶ್ರಮಜೀವಿ" ಅಂತ ಹೇಳೋ ಬದಲು ಒಂದು ಘಟನೆ ಹೇಳಿ. ಏನು ಸಮಸ್ಯೆ ಬಂತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯ್ತು. "ಕಣದಲ್ಲಿ ಕಾಫಿ ಹರಡಿದ್ದಾಗ ಮಳೆ ಬಂತು, ಟಾರ್ಪಾಲ್ ಸಾಲದೆ ಹೋಯ್ತು, ಮೊದಲು ಒಣಗಿದ ರಾಶಿಯನ್ನು ಮುಚ್ಚಿಸಿದೆ, ಹಸಿದು ಆಮೇಲೆ" ಅಂತ ಹೇಳಿದರೆ ನಿಮ್ಮ ಬುದ್ಧಿ ಹೇಗೆ ಓಡುತ್ತೆ ಅಂತ ಎದುರಿಗೆ ಕೂತವರಿಗೆ ಗೊತ್ತಾಗುತ್ತೆ. ಎರಡು ನಿಮಿಷದಲ್ಲಿ ಮುಗಿಯೋ ಇಂಥ ಎರಡು ಮೂರು ಘಟನೆ ಮೊದಲೇ ಯೋಚಿಸಿಟ್ಟುಕೊಳ್ಳಿ.

ಮಧ್ಯೆ ಬಿಟ್ಟ ವರ್ಷಗಳ ಬಗ್ಗೆ ಕೇಳಿದರೆ ನಿಜ ಹೇಳಿ. ನಾನು "ಮನೆಯಲ್ಲಿ ಕಷ್ಟ ಇತ್ತು, ಕಾಲೇಜು ಬಿಟ್ಟೆ, ಅಂಗಡಿ ಸೇರಿದೆ" ಅಂತ ಹೇಳೋಕೆ ಶುರು ಮಾಡಿದ ಮೇಲೆ ಯಾರೂ ಅದನ್ನು ಕೆದಕಲಿಲ್ಲ.

ದುಡ್ಡು ಕೊಟ್ಟು ಸರ್ಟಿಫಿಕೇಟ್ ಬೇಡ

"2,000 ಕಳಿಸಿ, ಮನೆಯಲ್ಲೇ ಕೂತು ಇಂಟರ್ನ್‌ಶಿಪ್ ಸರ್ಟಿಫಿಕೇಟ್" ಅನ್ನೋ ಥರದ ವಾಟ್ಸ್‌ಆ್ಯಪ್ ಮೆಸೇಜ್ ಬಂದರೆ ನಂಬಬೇಡಿ. ಕೆಲಸ ಕೊಡೋರು ದುಡ್ಡು ಕೇಳೋದಿಲ್ಲ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮಾಡದ ಕೆಲಸಕ್ಕೆ ಅನುಭವ ಪತ್ರ ಮಾಡಿಸಿಕೊಳ್ಳೋದು, ಸ್ನೇಹಕ್ಕೆ ಅಂತ ಕೊಡೋದು ಎರಡೂ ಅಪಾಯ. ನಕಲಿ ದಾಖಲೆ ಮಾಡೋದೂ ಅಪರಾಧ, ಗೊತ್ತಿದ್ದೂ ಬಳಸೋದೂ ಅಪರಾಧ.

ಈ ವಾರ ಮಾಡಬಹುದಾದದ್ದು

ಕೆಲಸದಲ್ಲಿರೋರು ಒಂದು ಹತ್ತು ರೂಪಾಯಿಯ ನೋಟ್‌ಬುಕ್ ತಗೊಳ್ಳಿ. ಇಲ್ಲಿವರೆಗೆ ಎಲ್ಲೆಲ್ಲಿ, ಯಾವಾಗಿಂದ ಯಾವಾಗಿನವರೆಗೆ, ಏನು ಮಾಡಿದಿರಿ, ಯಾರ ಕೈಕೆಳಗೆ ಅಂತ ಬರೆಯಿರಿ. ಸೇವೆಯನ್ನೂ ಬರೆಯಿರಿ. ಹಳೇ ಮಾಲೀಕರಲ್ಲಿ ಇಬ್ಬರ ಹತ್ತಿರ ಹೋಗಿ ಪತ್ರ ಕೇಳಿ. ಮಾದರಿ ಮೇಲೆ ಇದೆ, ನೀವೇ ಬರೆದುಕೊಂಡು ಹೋದರೆ ಅವರಿಗೆ ಸಹಿ ಹಾಕೋ ಕೆಲಸ ಮಾತ್ರ.

ಅಂಗಡಿಯವರು ಈಗ ಇರೋ ಹುಡುಗರ ಸೇರಿದ ದಿನಾಂಕ ಒಂದು ಪುಸ್ತಕದಲ್ಲಿ ಬರೆದಿಡಿ, ನಮೂನೆ 'ಕ್ಯೂ' ಒಂದೊಂದು ತುಂಬಿಸಿ ಕೊಡಿ.

ನಾನು ಕೆಲಸ ಮಾಡಿದ ಅಂಗಡಿಗೆ ಮೊನ್ನೆ ಹೋಗಿದ್ದೆ. ಮೈಸೂರಿನ ವಿಷಯ ಮತ್ತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತೇ ಬಿಡಿಸಿ ಹೇಳಬಾರದಿತ್ತಾ" ಅಂತ ಹೇಳಿ ಡ್ರಾಯರ್‌ನಿಂದ ಸೀಲ್ ತೆಗೆದರು. ದಿನಾಂಕ ಇಬ್ಬರೂ ಕೂತು ನೆನಪು ಮಾಡಿಕೊಂಡೆವು. ಪತ್ರ ಈಗ ನನ್ನ ಫೈಲಿನಲ್ಲಿದೆ. ಈಗ ಅಲ್ಲಿರೋ ಹುಡುಗನಿಗೂ ಒಂದು ಬರೆದಿಡ್ತೀನಿ ಅಂದಿದ್ದಾರೆ.